ಅಳತೆ ಕೊಟ್ಟು ಕಟ್ಟಿಸುವ ಗಾಳದ ರಾಡ್: ಪದೇ ಪದೇ ಕೇಳುವ ಪ್ರಶ್ನೆಗಳು

ರಾಡ್ ಕಟ್ಟಿಸಬೇಕೆಂದು ಮನೆಗೆ ಬರುವವರು, ಫೋನು ಮಾಡುವವರು, ಹೊಳೆ ದಂಡೆಯಲ್ಲಿ ನನ್ನ ರಾಡ್ ಕೈಗೆ ತೆಗೆದುಕೊಂಡು ಬಗ್ಗಿಸಿ ನೋಡುವವರು ಕೇಳುವುದು ಹೆಚ್ಚೂಕಡಿಮೆ ಇಷ್ಟನ್ನೇ. ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಬಿಟ್ಟಿದ್ದೇನೆ. ಬ್ಲಾಂಕು (ರಾಡ್‌ನ ಬರೀ ಕಡ್ಡಿ), ಗೈಡು (ದಾರ ಹಾದುಹೋಗುವ ಉಂಗುರ) ಎಂದು ಈಗಾಗಲೇ ತಲೆ ಕೆಡಿಸಿಕೊಂಡವರು ಸೀದಾ ಮೂರನೇ ಭಾಗಕ್ಕೆ ಹೋಗಬಹುದು.

## ಮೊದಮೊದಲು ಕೇಳುವುದು

ಅಂಗಡೀಲಿ ಎರಡು ಸಾವಿರಕ್ಕೆ ಚೆನ್ನಾಗಿರೋ ರಾಡ್ ಸಿಗುತ್ತೆ. ಇದನ್ನ ಯಾಕೆ ಕಟ್ಟಿಸ್ಬೇಕು?

ಆ ರಾಡ್‌ನಿಂದ ನಿಮಗೆ ತೊಂದರೆಯೇನೂ ಇಲ್ಲದಿದ್ದರೆ ಕಟ್ಟಿಸಬೇಡಿ. ಇದನ್ನು ವ್ಯಂಗ್ಯಕ್ಕೆ ಹೇಳುತ್ತಿಲ್ಲ. ಕಟ್ಟಿಸುವ ಕಾಲ ಬಂತೆಂದು ಗೊತ್ತಾಗುವುದು ಈಗಿರುವ ರಾಡ್ ಮೇಲೆ ನಿಮಗೆ ಖಚಿತವಾದ ದೂರು ಹುಟ್ಟಿದಾಗ. "ಹಿಂದಿನ ಹಿಡಿ ಉದ್ದ ಜಾಸ್ತಿ, ಎಸೆಯುವಾಗ ಪಕ್ಕೆಗೆ ಬಡಿಯುತ್ತೆ", "ಹತ್ತು ಗ್ರಾಂ ಕಪ್ಪೆ ಲ್ಯೂರ್ ದೂರ ಹೋಗಲ್ಲ, ಆದರೆ ಮೀನನ್ನು ಜೊಂಡಿನಿಂದ ಎಳೆಯೋ ಶಕ್ತಿ ಬೇಕು", "ಬ್ರೇಡ್ ಯಾವಾಗಲೂ ಎರಡನೇ ಗೈಡ್‌ಗೇ ಸುತ್ತಿಕೊಳ್ಳುತ್ತೆ". (ಲ್ಯೂರ್ ಎಂದರೆ ಮೀನನ್ನು ಸೆಳೆಯುವ ನಕಲಿ ಆಹಾರ, ಬ್ರೇಡ್ ಎಂದರೆ ಹೆಣೆದ ದಾರ.) ಹೀಗೆ ಹೇಳುವವರ ರಾಡ್ ಕಟ್ಟುವುದು ಸುಲಭ. "ಒಂದು ಒಳ್ಳೇ ರಾಡ್ ಬೇಕು ಸಾರ್" ಎನ್ನುವವರದ್ದು ಕಷ್ಟ. ಅವರಿಗೆ ಅಂಗಡಿಯಲ್ಲೇ ಒಳ್ಳೆಯದು ಸಿಗುತ್ತದೆ.

ಕಸ್ಟಮ್ ಅಂದ್ರೆ ಪೂರ್ತಿ ರಾಡ್ ನೀವೇ ತಯಾರು ಮಾಡೋದಾ?

ಇಲ್ಲ. ರಾಡ್‌ನ ಜೀವ ಇರುವುದು ಬ್ಲಾಂಕ್‌ನಲ್ಲಿ: ಬುಡದಿಂದ ತುದಿಗೆ ಸಪೂರವಾಗುತ್ತ ಹೋಗುವ ಟೊಳ್ಳು ಕೊಳವೆ. ಅಂಟು ತುಂಬಿದ ಕಾರ್ಬನ್ ಅಥವಾ ಗಾಜಿನ ಎಳೆಯ ಬಟ್ಟೆಯನ್ನು ಉಕ್ಕಿನ ಸಲಾಕೆಗೆ ಸುತ್ತಿ, ಮೇಲೆ ಬಿಗಿಯಾಗಿ ಟೇಪ್ ಸುತ್ತಿ, ಒಲೆಯಲ್ಲಿ ಬೇಯಿಸಿ, ಸಲಾಕೆಯನ್ನು ಹೊರಗೆಳೆಯುತ್ತಾರೆ. ಕೆಲವು ಬ್ಲಾಂಕ್‌ಗಳ ಮೈಮೇಲೆ ಉಗುರು ಆಡಿಸಿದರೆ ಸಿಗುವ ಸಣ್ಣ ಸಣ್ಣ ಸುರುಳಿ ಗೆರೆಗಳು ಆ ಟೇಪಿನ ಗುರುತು. ಉಜ್ಜಿ ನಯ ಮಾಡದೆ ಹಾಗೇ ಬಿಟ್ಟಿರುತ್ತಾರೆ. ಇದು ಕಾರ್ಖಾನೆಯ ಕೆಲಸ. ನಮ್ಮಲ್ಲಿಗೆ ಬರುವ ಬ್ಲಾಂಕ್‌ಗಳು ಬಹುಪಾಲು ಚೀನಾ, ಕೊರಿಯಾ, ಅಮೆರಿಕ, ಜಪಾನಿನವು.

ಬಿಲ್ಡರ್, ಅಂದರೆ ರಾಡ್ ಕಟ್ಟುವವನ ಕೆಲಸ ಅದರ ಮೇಲಿನದು. ಸರಿಯಾದ ಬ್ಲಾಂಕ್ ಆರಿಸುವುದು, ದಾರ ಸುತ್ತುವ ರೀಲ್ ಕೂರುವ ಸೀಟನ್ನು ನಿಮ್ಮ ಕೈಗೆ ಹೊಂದುವ ಜಾಗದಲ್ಲಿ ಅಂಟಿಸುವುದು, ಹಿಡಿ ಕೂರಿಸುವುದು, ಗೈಡ್‌ಗಳ ಜಾಗ ನಿಗದಿ ಮಾಡಿ ನೂಲು ಸುತ್ತುವುದು, ನೂಲಿನ ಮೇಲೆ ಎಪಾಕ್ಸಿ ಅಂಟು ಹಚ್ಚುವುದು.

ಇದ್ರಲ್ಲಿ ಮೀನು ಜಾಸ್ತಿ ಬೀಳುತ್ತಾ?

ಇಲ್ಲ.

ಈಗ ತಾನೇ ಗಾಳ ಹಾಕೋದು ಶುರು ಮಾಡಿದೀನಿ. ಸೀದಾ ಕಸ್ಟಮ್‌ಗೇ ಹೋಗ್ಲಾ ಅಣ್ಣ?

ಬೇಡ ತಮ್ಮಾ. ಏಳಡಿಯ ಸಾಧಾರಣ ಸ್ಪಿನ್ನಿಂಗ್ ರಾಡ್ (ರೀಲೂ ಗೈಡೂ ಕೆಳಗಡೆ ಇರುವುದು), 2500 ಅಥವಾ 3000 ಗಾತ್ರದ ರೀಲ್ ತಗೊಂಡು ಒಂದು ಮಳೆಗಾಲ, ಒಂದು ಬೇಸಿಗೆ ನೋಡು. ಕೆರೆಯ ಕೊರವ ಮೀನಿನ ಹುಚ್ಚು ಹಿಡಿಯುತ್ತದೋ, ಅಳಿವೆಯ ಕೆಂಬೇರಿಯದ್ದೋ, ಕಾಟ್ಲಾಕ್ಕೆ ಹಿಟ್ಟು ಹಾಕಿ ದಿನವಿಡೀ ಕೂರುವ ತಾಳ್ಮೆ ಬರುತ್ತದೋ ಈಗಲೇ ಹೇಳಲಾಗದು. ಈ ಮೂರಕ್ಕೂ ಬೇಕಾಗುವ ರಾಡ್‌ಗಳು ಒಂದಕ್ಕೊಂದು ಸಂಬಂಧವಿಲ್ಲದವು.

ಒಂದೇ ರಾಡಲ್ಲಿ ಕೆರೆ, ಹೊಳೆ, ಸಮುದ್ರ ಎಲ್ಲಾ ಆಗೋ ಹಾಗೆ ಮಾಡಿಕೊಡಿ.

ಅಂಥ ರಾಡ್ ಬೇಕಿದ್ದರೆ ಅಂಗಡಿಯದೇ ಸರಿ. ಕಾರ್ಖಾನೆಗಳು ಸಾವಿರಾರು ಜನಕ್ಕೆ ಒಗ್ಗುವಂತೆ ಮಾಡುವುದೇ ಆ ನಡುಮಧ್ಯದ ರಾಡನ್ನು. ಕಟ್ಟಿಸುವುದೆಂದರೆ ಒಂದು ಕೆಲಸಕ್ಕೆ ಚೆನ್ನಾಗಿ ಒಗ್ಗಿ, ಉಳಿದವಕ್ಕೆ ಅಷ್ಟಕ್ಕಷ್ಟೇ ಆಗುವುದನ್ನು ಒಪ್ಪಿಕೊಳ್ಳುವುದು.

ನಮ್ಮಜ್ಜ ಬಿದಿರು ಕೋಲಲ್ಲೇ ಹಿಡೀತಿದ್ರು. ಬಿದಿರಿನ ಕಸ್ಟಮ್ ರಾಡ್ ಬರುತ್ತಾ?

ಬರುತ್ತದೆ, ಆದರೆ ಅಜ್ಜನ ಕೋಲಿಗೂ ಅದಕ್ಕೂ ದೂರದ ನೆಂಟಸ್ತನ. ದಕ್ಷಿಣ ಚೀನಾದ ಟೊಂಕಿನ್ ಬಿದಿರನ್ನು ಸೀಳಿ, ತ್ರಿಕೋನಾಕಾರದ ಆರು ಪಟ್ಟಿಗಳಾಗಿ ಹೆರೆದು, ಒಟ್ಟಿಗೆ ಅಂಟಿಸಿ ಆರು ಮುಖದ ಕಡ್ಡಿ ಮಾಡುತ್ತಾರೆ. ಮುಖ್ಯವಾಗಿ ನೊಣದಂಥ ಹಗುರ ಲ್ಯೂರ್ ಎಸೆಯುವ ಫ್ಲೈ ಫಿಶಿಂಗ್‌ಗೆ. ಪೂರ್ತಿ ಕೈಕೆಲಸ, ಹಾಗಾಗಿ ದುಬಾರಿ. ಜೊಂಡು ತುಂಬಿದ ನಮ್ಮ ಕೆರೆಗಳಲ್ಲಿ ಅದನ್ನು ಬಳಸುವ ಮನಸ್ಸು ಯಾರಿಗೂ ಬಾರದಿರಲಿ.

## ಆರ್ಡರ್ ಕೊಡುವ ಹೊತ್ತಿಗೆ

ಬಿಲ್ಡರ್ ಹತ್ರ ಏನೇನು ಹೇಳ್ಬೇಕು? ಮೀಡಿಯಂ ಹೆವಿ ಅಂದ್ರೆ ಸಾಕಾ?

ಸಾಲದು. ಒಂದು ಕಂಪನಿಯ ಮೀಡಿಯಂ ಹೆವಿ ಇನ್ನೊಂದರ ಹೆವಿ. ಇದಕ್ಕೊಂದು ಸಾಮಾನ್ಯ ಅಳತೆಗೋಲು ಇಲ್ಲ. ಪವರ್ ಎಂದರೆ ರಾಡ್ ಬಗ್ಗಿಸಲು ಎಷ್ಟು ಬಲ ಬೇಕು ಎನ್ನುವುದು. ಆ್ಯಕ್ಷನ್ ಎಂದರೆ ಅದು ಎಲ್ಲಿ ಬಗ್ಗುತ್ತದೆ ಎನ್ನುವುದು. ಫಾಸ್ಟ್ ಆದರೆ ತುದಿಯ ಹತ್ತಿರ, ಸ್ಲೋ ಆದರೆ ಹಿಡಿಯ ತನಕ. ಎರಡನ್ನೂ ಬಿಲ್ಡರ್‌ಗೆ ಬಿಟ್ಟು, ನೀವು ಹೇಳಬೇಕಾದ್ದು ಬೇರೆ: ಯಾವ ನೀರು, ದಂಡೆಯಿಂದಲೋ ದೋಣಿಯಿಂದಲೋ, ಯಾವ ಮೀನು, ಯಾವ ರೀಲ್, ಯಾವ ದಾರ. ಎಲ್ಲಕ್ಕಿಂತ ಮುಖ್ಯವಾಗಿ, ನೀವು ಎಸೆಯುವ ವಸ್ತುವಿನ ತೂಕ.

ಈ ಕೊನೆಯದನ್ನು ಹತ್ತರಲ್ಲಿ ಒಂಬತ್ತು ಮಂದಿ ಹೇಳುವುದೇ ಇಲ್ಲ. ಮೀನಿನ ತೂಕ ಮಾತ್ರ ಎಲ್ಲರೂ ಹೇಳುತ್ತಾರೆ, ಅದೂ ಇನ್ನೂ ಹಿಡಿಯದ ಮೀನಿನದು. ಕಾವೇರಿ ಕಡೆಯ ರಾಗಿ ಉಂಡೆಯನ್ನೇ ತಗೊಳ್ಳಿ. ಗಟ್ಟಿಯಾಗಿ ಬೇಯಿಸಿ, ನಾದಿ, ನಿಂಬೆಹಣ್ಣಿನ ಗಾತ್ರಕ್ಕೆ ಉಂಡೆ ಕಟ್ಟಿ ಗಾಳದ ಸುತ್ತ ಮೆತ್ತುತ್ತಾರೆ. ಆ ಉಂಡೆಯನ್ನು ಅಡುಗೆಮನೆಯ ಡಿಜಿಟಲ್ ತಕ್ಕಡಿಯಲ್ಲಿಡಿ: 50 ಗ್ರಾಂ ಆಸುಪಾಸು ತೋರಿಸುತ್ತದೆ. ಹರಿವಿಗೆ ನಿಲ್ಲಲೆಂದು ಸೀಸ ಸೇರಿಸಿದರೆ 80, 90 ಗ್ರಾಂ ಮುಟ್ಟುತ್ತದೆ. "10–30 ಗ್ರಾಂ" ಎಂದು ಬರೆದಿರುವ ರಾಡ್‌ನಲ್ಲಿ ಇದನ್ನು ಬೀಸಿ ಎಸೆದರೆ ಒಂದು ದಿನ ಠಳ್ ಎನ್ನುತ್ತದೆ. ತೂಕ ತಡೆಯುವ, ಆದರೆ ತುದಿ ಬಿರುಸಾಗಿರುವ ರಾಡ್ ಆದರೆ ಇನ್ನೊಂದು ಫಜೀತಿ: ಎಸೆತದ ಜಗ್ಗಿಗೆ ಉಂಡೆ ಗಾಳದಿಂದ ಕಳಚಿ ತಾನೇ ಹಾರಿಹೋಗುತ್ತದೆ. ಮೆತ್ತನೆಯ ಆಹಾರ ಎಸೆಯುವವರಿಗೆ ನಡು ಮಟ್ಟದಿಂದ ಬಗ್ಗುವ, ನಿಧಾನ ಸ್ವಭಾವದ ಬ್ಲಾಂಕ್ ಬೇಕು. ಜೊಂಡಿನ ಮೇಲೆ ಕಪ್ಪೆ ಲ್ಯೂರ್ ಆಡಿಸಿ ಕೊರವ ಹಿಡಿಯುವವರಿಗೆ ಇದರ ತದ್ವಿರುದ್ಧ: ಆರೂವರೆಯಿಂದ ಏಳಡಿ, ಬಿರುಸು ತುದಿ, ಗಟ್ಟಿ ಬುಡ. ಮೀನು ಕಚ್ಚಿದ ಕೂಡಲೇ ತಲೆ ಮೇಲೆತ್ತಿಸದಿದ್ದರೆ ಅದು ಬೇರಿನೊಳಗೆ ಹೊಕ್ಕಿತೆಂದೇ ಲೆಕ್ಕ.

ಹಾಗಾಗಿ ನಿಮ್ಮ ಡಬ್ಬಿಯಲ್ಲಿ ಹೆಚ್ಚು ಬಳಸುವ ನಾಲ್ಕೈದು ಲ್ಯೂರ್ ಅಥವಾ ಸೀಸಗಳನ್ನು ತೂಗಿ ಬರೆದುಕೊಂಡು ಬನ್ನಿ. ಪೊಟ್ಟಣದಲ್ಲಿ ಔನ್ಸ್ ಇದ್ದರೆ ಒಂದು ಔನ್ಸ್‌ಗೆ 28 ಗ್ರಾಂ.

ಹಿಡಿ ಎಷ್ಟುದ್ದ ಇರ್ಬೇಕು ಅಂತ ನಂಗೆ ಹೇಗೆ ಗೊತ್ತಾಗ್ಬೇಕು?

ಈಗಿನ ರಾಡ್‌ಗೆ ರೀಲ್ ಹಾಕಿ ಹಿಡಿದುಕೊಳ್ಳಿ. ರೀಲಿನ ಕಾಲಿನ ನಡುವಿನಿಂದ ರಾಡ್‌ನ ಬುಡದವರೆಗೆ ಟೇಪ್ ಹಿಡಿದು ಅಳೆಯಿರಿ. ಆಮೇಲೆ ಹತ್ತಿಪ್ಪತ್ತು ಸಲ ಎಸೆದು, "ಇದಕ್ಕಿಂತ ಎರಡಿಂಚು ಕಮ್ಮಿ" ಅಥವಾ "ಒಂದಿಂಚು ಜಾಸ್ತಿ" ಎಂದು ತಿಳಿಸಿ. ದಿನವಿಡೀ ಒಂದೇ ಕೈಯಲ್ಲಿ ಲ್ಯೂರ್ ಆಡಿಸುವವರಿಗೆ ಗಿಡ್ಡ ಹಿಡಿ ಹಿತ. ಬಂಡೆ ಮೇಲಿಂದ ಎರಡೂ ಕೈ ಹಾಕಿ ಎಸೆಯುವವರಿಗೆ ಉದ್ದ ಬೇಕು. ಹಿಂದಿನ ಕೈ ಎಳೆಯುವುದರಲ್ಲೇ ಅರ್ಧ ದೂರ ಇರುವುದು. ಜಾಕೆಟ್ ಅಥವಾ ಲೈಫ್ ಜಾಕೆಟ್ ಹಾಕುವವರಾದರೆ ಅದನ್ನು ಹಾಕಿಕೊಂಡೇ ಅಳೆಯಿರಿ.

ಅಂಗಡಿಯ ರಾಡ್ ಮತ್ತು ಕಟ್ಟಿಸಿದ ರಾಡ್ ನಡುವೆ ಸಂಜೆಯ ಹೊತ್ತಿಗೆ ಭುಜಕ್ಕೆ ಗೊತ್ತಾಗುವ ವ್ಯತ್ಯಾಸ ಇದೇ. ಬಣ್ಣದ ನೂಲಿನದ್ದಲ್ಲ.

ಕಾರ್ಕ್ ಒಳ್ಳೆದಾ, ಇವಿಎ ಒಳ್ಳೆದಾ? ನಮ್ದು ಮಲ್ಪೆ ಸೈಡು.

ಕರಾವಳಿಗೆ ಇವಿಎ, ಅಂದರೆ ಫೋಮ್ ಹಿಡಿ. ಕಾರ್ಕ್ ಹಗುರ, ಕೈಗೆ ಬೆಚ್ಚಗೆ, ನೋಡಲು ಚೆಂದ. ಆದರೆ ಈಗ ಬರುವ ಬಹಳಷ್ಟು ಕಾರ್ಕ್‌ನಲ್ಲಿ ತೂತುಗಳಿಗೆ ಪುಡಿ ತುಂಬಿರುತ್ತಾರೆ, ಅದು ಒಂದೆರಡು ವರ್ಷದಲ್ಲಿ ಉದುರುತ್ತದೆ. ಜೂನ್‌ನಲ್ಲಿ ಒದ್ದೆ ರಾಡನ್ನು ಚೀಲಕ್ಕೆ ತುರುಕಿ ಆಗಸ್ಟ್‌ನಲ್ಲಿ ತೆಗೆದರೆ ಮೇಲೆ ಹಸಿರು ಬೂಷ್ಟು.

ಒಂದೇ ಪೀಸ್ ಸ್ಟ್ರಾಂಗ್ ಅಂತಾರಲ್ಲ? ಜಾಯಿಂಟ್ ಇದ್ರೆ ಮುರಿಯಲ್ವಾ?

ಚೆನ್ನಾಗಿ ಮಾಡಿದ ಜಾಯಿಂಟ್ ಮುರಿಯುವುದು ಅಪರೂಪ. ಸರಿಯಾಗಿ ಒತ್ತಿ ಕೂರಿಸದೆ, ಸಡಿಲ ಇದ್ದಾಗ ಎಸೆದರೆ ಮುರಿಯುತ್ತದೆ. ಒಂದೇ ತುಂಡಿನ ರಾಡ್ ಸ್ವಲ್ಪ ಹಗುರ, ಬಗ್ಗುವುದು ಒಂದೇ ಸಮ ಎನ್ನುವುದು ನಿಜ. ಆದರೆ ಏಳಡಿ ಉದ್ದದ ಕಡ್ಡಿಯನ್ನು ಬೈಕಿನಲ್ಲಿ, ಬಸ್ಸಿನಲ್ಲಿ, ಲಿಫ್ಟಿನಲ್ಲಿ ಒಯ್ಯುವುದನ್ನು ಯೋಚಿಸಿ. ಎರಡು ತುಂಡಾದರೆ ಮೂರೂವರೆ ಅಡಿ, ರೈಲಿನ ಸೀಟಿನಡಿ ಹೋಗುತ್ತದೆ.

ಕೊರಿಯರ್ ಲೆಕ್ಕವೂ ಇದೆ. ಅವರು ತೂಕದ ಬದಲು ಗಾತ್ರ ನೋಡುತ್ತಾರೆ: ಉದ್ದ, ಅಗಲ, ಎತ್ತರವನ್ನು ಸೆಂಟಿಮೀಟರ್‌ನಲ್ಲಿ ಗುಣಿಸಿ, ಸಾಮಾನ್ಯವಾಗಿ 5000ದಿಂದ ಭಾಗಿಸುತ್ತಾರೆ. 220 ಸೆಂ.ಮೀ. ಉದ್ದ, 10 ಸೆಂ.ಮೀ. ದಪ್ಪದ ಕೊಳವೆ 4.4 ಕಿಲೋ ಎಂದಾಗುತ್ತದೆ. ಒಳಗಿರುವ ರಾಡ್ ಇನ್ನೂರು ಗ್ರಾಂ ಕೂಡ ಇರಲಿಕ್ಕಿಲ್ಲ. ಅದೇ 115 ಸೆಂ.ಮೀ. ಕೊಳವೆಗೆ 2.3 ಕಿಲೋ. ರಟ್ಟಿನ ಕೊಳವೆಯಲ್ಲಿ ಕಳಿಸುತ್ತೇನೆಂದರೆ ಒಪ್ಪಬೇಡಿ. ಪ್ಲಂಬಿಂಗ್ ಪಿವಿಸಿ ಪೈಪು, ಎರಡೂ ತುದಿಗೆ ಮುಚ್ಚಳ.

ರೇಟು ಯಾಕೆ ಇಷ್ಟು ಹೆಚ್ಚುಕಮ್ಮಿ? ಒಬ್ರು ಎಂಟು ಸಾವಿರ ಅಂತಾರೆ, ಒಬ್ರು ನಲವತ್ತು.

ಇಬ್ಬರೂ ಸುಳ್ಳು ಹೇಳುತ್ತಿರಲಿಕ್ಕಿಲ್ಲ. ಅಮೆರಿಕದ ಹೆಸರುವಾಸಿ ಕಂಪನಿಯ ಮಧ್ಯಮ ದರ್ಜೆಯ ಬ್ಲಾಂಕ್‌ಗೇ ಅಲ್ಲಿ 80ರಿಂದ 200 ಡಾಲರ್ ಇದೆ. ಸಾಗಣೆ, ಸುಂಕ ಆಮೇಲಿನದು. ಜಪಾನಿನ ಫೂಜಿಯ ಟೈಟಾನಿಯಂ ಚೌಕಟ್ಟಿನ ಗೈಡ್‌ಗಳ ಪೂರ್ತಿ ಸೆಟ್ ಕೆಲವೊಮ್ಮೆ ಬ್ಲಾಂಕ್‌ನ ಬೆಲೆಯನ್ನೂ ಮೀರುತ್ತದೆ. ಮಿಕ್ಕಿದ್ದು ಕೂಲಿ. ನೂಲಿನಲ್ಲಿ ನವಿಲುಗರಿ, ಹಾವಿನ ಚರ್ಮ, ನಿಮ್ಮ ಹೆಸರು ಬೇಕೆಂದರೆ ಕೂಲಿ ಏರುತ್ತದೆ, ರಾಡ್ ಮಾತ್ರ ಎಳ್ಳಷ್ಟೂ ಉತ್ತಮವಾಗುವುದಿಲ್ಲ. ಹೆಸರು ಬರೆಸಿದರೆ ಮುಂದೆ ಮಾರುವಾಗ ಬೆಲೆ ಇಳಿಯುತ್ತದೆ ಎಂಬುದೂ ನೆನಪಿರಲಿ.

ಕೈಯಲ್ಲಿರುವ ದುಡ್ಡನ್ನು ಹಂಚುವುದಾದರೆ ಮೊದಲು ಬ್ಲಾಂಕ್‌ಗೆ, ನಂತರ ಗೈಡ್‌ಗೆ, ಆಮೇಲೆ ರೀಲ್ ಸೀಟಿಗೆ, ಉಳಿದರೆ ಅಲಂಕಾರಕ್ಕೆ. ಮುಂಗಡ ಕೊಡುವ ಮೊದಲು ಬ್ಲಾಂಕ್‌ನ ಕಂಪನಿ ಮತ್ತು ಮಾಡೆಲ್ ನಂಬರು, ಗೈಡ್‌ನ ಕಂಪನಿ, ಅದರೊಳಗಿನ ರಿಂಗಿನ ಬಗೆ, ಇಷ್ಟನ್ನೂ ಬಿಲ್ಲಿನಲ್ಲಿ ಬರೆಸಿಕೊಳ್ಳಿ. "ಇಂಪೋರ್ಟೆಡ್ ಬ್ಲಾಂಕ್" ಎಂದಷ್ಟೇ ಬರೆದರೆ ಏನೂ ಬರೆದಂತಲ್ಲ.

ಅಮೆರಿಕಾದಲ್ಲಿ ಭಾವ ಇದಾನೆ. ಬ್ಲಾಂಕ್ ತರಿಸಿ ಕೊಟ್ರೆ ಕಟ್ಟಿಕೊಡ್ತೀರಾ?

ಕಟ್ಟುತ್ತೇವೆ, ಎಷ್ಟೋ ಜನ ಹಾಗೆ ಮಾಡುತ್ತಾರೆ. ಭಾವ ಬರುವಾಗ ತರುವುದಾದರೆ ಎರಡು ಅಥವಾ ನಾಲ್ಕು ತುಂಡಿನದನ್ನೇ ಆರಿಸಿ. ಉದ್ದದ ಸಾಮಾನಿಗೆ ಏರ್‌ಲೈನ್‌ಗಳ ನಿಯಮ ಬೇರೆ ಬೇರೆ, ಟಿಕೆಟ್ ಮಾಡುವಾಗಲೇ ಕೇಳಬೇಕು. ಕೊರಿಯರ್‌ನಲ್ಲಿ ತರಿಸಿದರೆ ಕಸ್ಟಮ್ಸ್ ಸುಂಕ, ಜಿಎಸ್‌ಟಿ, ಕೊರಿಯರ್‌ನವರ ಸ್ವಂತ ಶುಲ್ಕ ಮೂರೂ ಬೀಳುತ್ತವೆ. ತರಿಸುವ ಮೊದಲು ಬಿಲ್ಡರ್‌ಗೆ ಮಾಡೆಲ್ ನಂಬರು ತೋರಿಸಿ. ತಂದ ಮೇಲೆ "ಇದು ನೀವು ಹೇಳಿದ ಕೆಲಸಕ್ಕೆ ಆಗುವುದಿಲ್ಲ" ಎನ್ನುವುದು ಇಬ್ಬರಿಗೂ ಕಹಿ.

ಎಷ್ಟು ದಿನ ಆಗುತ್ತೆ? ಮುಂದಿನ ಶನಿವಾರ ಹೋಗ್ಬೇಕಿತ್ತು.

ಮುಂದಿನ ಶನಿವಾರ ಹಳೇ ರಾಡ್ ತಗೊಂಡು ಹೋಗಿ. ಸಾಮಾನೆಲ್ಲ ಕೈಯಲ್ಲಿದ್ದರೂ ಅಂಟು ಒಣಗಲು ಒಂದು ದಿನ, ಗೈಡ್ ಸುತ್ತಲು ಕೆಲವು ಸಂಜೆ, ಎಪಾಕ್ಸಿ ಎರಡು ಸಲ, ಪ್ರತಿ ಸಲವೂ ಮೋಟಾರಿನ ಮೇಲೆ ಗಂಟೆಗಟ್ಟಲೆ ನಿಧಾನವಾಗಿ ತಿರುಗಬೇಕು, ಇಲ್ಲವಾದರೆ ಅಂಟು ಒಂದೇ ಕಡೆ ಜೋತುಬೀಳುತ್ತದೆ. ಮುಟ್ಟಿದರೆ ಒಣಗಿದಂತೆ ಕಂಡ ಮೇಲೂ ಪೂರ್ತಿ ಗಟ್ಟಿಯಾಗಲು ಹಲವು ದಿನ ಬೇಕು. ಆಟಿ ಮಳೆಯಲ್ಲಿ ತೇವಕ್ಕೆ ಎಪಾಕ್ಸಿ ಮೇಲೆ ಮಬ್ಬು ಕಟ್ಟುವುದುಂಟು. ಮುಚ್ಚಿದ ಕೋಣೆ, ಎಸಿ ಅಥವಾ ತೇವ ಹೀರುವ ಯಂತ್ರ ಇಲ್ಲದ ಬಿಲ್ಡರ್ ಆದರೆ ಮಳೆ ಬಿಡುವ ತನಕ ಕಾಯುವುದೇ ಒಳ್ಳೆಯದು.

ಕಾವೇರೀಲಿ ಮಹಶೀರ್ ಹಿಡಿಯೋಕೆ ಅಂತಾನೇ ಒಂದು ಕಟ್ಟಿಸ್ಬೇಕು ಅಂತ ಆಸೆ.

ಮೊದಲು ಎಲ್ಲಿ ಹಾಕುತ್ತೀರಿ ಎನ್ನುವುದು ಇತ್ಯರ್ಥವಾಗಲಿ. ಭೀಮೇಶ್ವರಿ, ಗಾಲಿಬೋರೆ, ದೊಡ್ಡಮಾಕಳಿಯ ಗಾಳದ ಶಿಬಿರಗಳ ಹಳೇ ಕಥೆ ಕೇಳಿ ಬರುವವರು ಬಹಳ. ಕಾವೇರಿ ವನ್ಯಧಾಮದೊಳಗೆ ಈಗ ಗಾಳ ಹಾಕುವಂತಿಲ್ಲ. ಜಲಾಶಯ, ಕೆರೆಗಳಲ್ಲಿ ಮೀನಿನ ಹಕ್ಕು ಗುತ್ತಿಗೆಯವರದ್ದಿರುತ್ತದೆ, ಕೇಳಿಯೇ ಇಳಿಯಬೇಕು. ಕಾವೇರಿ ಹೊಳೆಸಾಲಿನ ಗೂನುಬೆನ್ನಿನ ಮಹಶೀರನ್ನು 2018ರಲ್ಲಿ ಐಯುಸಿಎನ್ (ಪ್ರಕೃತಿ ಸಂರಕ್ಷಣೆಯ ಅಂತರರಾಷ್ಟ್ರೀಯ ಒಕ್ಕೂಟ) ತೀವ್ರ ಅಪಾಯದಲ್ಲಿರುವ ಜೀವಿಗಳ ಪಟ್ಟಿಗೆ ಸೇರಿಸಿದೆ. 1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಕಬಿನಿಯಲ್ಲಿ ಹಿಡಿದ 120 ಪೌಂಡಿನ ಮೀನಿನ ಚಿತ್ರ ಇಟ್ಟುಕೊಂಡು ರಾಡ್ ಕಟ್ಟಿಸಲು ಬರುವವರಿಗೆ ನಾನು ಹೇಳುವುದು ಇಷ್ಟೇ: ಆ ಕಾಲ ಹೋಯಿತು.

ಅನುಮತಿ ಇರುವ ಕಡೆ, ಹಿಡಿದು ಬಿಡುವ ಪದ್ಧತಿಯಲ್ಲಿ ಹಾಕುವುದಾದರೆ ರಾಡ್‌ಗೆ ಸಾಕಷ್ಟು ಬಲ ಇರಲಿ. ಸಪೂರ ರಾಡ್‌ನಲ್ಲಿ ಮುಕ್ಕಾಲು ಗಂಟೆ ಆಡಿಸಿ ಸುಸ್ತಾದ ಮೀನು, ಬಿಟ್ಟ ಮೇಲೆ ಬದುಕುವ ಭರವಸೆ ಕಮ್ಮಿ.

## ಸ್ವಲ್ಪ ಒಳಗಿಳಿದವರು ಕೇಳುವುದು

40 ಟನ್ ಕಾರ್ಬನ್ 30 ಟನ್‌ಗಿಂತ ಸ್ಟ್ರಾಂಗ್ ಅಲ್ವಾ ಗುರು?

ಅಲ್ಲ. ಟನ್ ಎನ್ನುವುದು ಎಳೆಯ ಬಿಗುವಿನ ಅಳತೆ, ಬಲದ್ದಲ್ಲ. ಬಿಗುವು ಹೆಚ್ಚಿದಷ್ಟೂ ಅದೇ ಪವರ್‌ಗೆ ಕಮ್ಮಿ ಬಟ್ಟೆ ಸಾಕು, ಕೊಳವೆಯ ಗೋಡೆ ತೆಳ್ಳಗಾಗುತ್ತದೆ, ರಾಡ್ ಹಗುರವಾಗುತ್ತದೆ, ಕಚ್ಚಿದ್ದು ಕೈಗೆ ಚುರುಕಾಗಿ ತಿಳಿಯುತ್ತದೆ. ಆದರೆ ಬಂಡೆಗೆ, ದೋಣಿಯ ಅಂಚಿಗೆ, ಹಾರಿಬಂದ ಸೀಸಕ್ಕೆ ಬಡಿದರೆ ತಡೆಯುವ ಶಕ್ತಿಯೂ ಅಷ್ಟೇ ಕಮ್ಮಿ. ದೋಣಿಯಲ್ಲಿ ನಾಲ್ಕು ಜನ ಒತ್ತಿಕೊಂಡು ನಿಲ್ಲುವ ಕಡೆ, ಮಕ್ಕಳೂ ಬಳಸುವ ಕಡೆ ನಾನಂತೂ ಕಾರ್ಬನ್ ಜೊತೆ ಗಾಜಿನ ಎಳೆ ಬೆರೆತ ಬ್ಲಾಂಕ್ ಹೇಳುತ್ತೇನೆ. ಇಡೀ ರಾಡ್‌ನಲ್ಲಿ ಒಂದು ಪದರ ಮಾತ್ರ 40 ಟನ್ ಇದ್ದರೂ ಮೈಮೇಲೆ 40 ಎಂದು ಅಚ್ಚು ಹಾಕುವವರಿದ್ದಾರೆ.

ಗೈಡ್ ಎಷ್ಟಿರ್ಬೇಕು? ಜಾಸ್ತಿ ಇದ್ರೆ ಒಳ್ಳೇದು ಅಂತಾರೆ.

ಹಳೇ ಲೆಕ್ಕ: ರಾಡ್ ಎಷ್ಟಡಿಯೋ ಅದಕ್ಕೆ ಒಂದು ಕೂಡಿಸಿ. ಏಳಡಿಗೆ ಎಂಟು, ತುದಿಯದು ಬಿಟ್ಟು. ಆದರೆ ಸಂಖ್ಯೆಗಿಂತ ಜಾಗ ಮುಖ್ಯ. ಒಳ್ಳೆಯ ಬಿಲ್ಡರ್ ಗೈಡ್‌ಗಳನ್ನು ಮೊದಲು ಸಣ್ಣ ರಬ್ಬರ್ ಉಂಗುರದಲ್ಲಿ ತಾತ್ಕಾಲಿಕವಾಗಿ ನಿಲ್ಲಿಸಿ, ದಾರ ಪೋಣಿಸಿ, ತುದಿಗೆ ತೂಕ ಕಟ್ಟಿ ರಾಡ್ ಬಗ್ಗಿಸಿ ನೋಡುತ್ತಾನೆ. ದಾರ ಬ್ಲಾಂಕ್‌ನ ಬಾಗಿನ ಜೊತೆಗೇ ಹೋಗಬೇಕು. ಎಲ್ಲಾದರೂ ಎರಡು ಗೈಡ್ ನಡುವೆ ನೇರ ಗೆರೆ ಎಳೆದಂತೆ ಬಾಗನ್ನು ಕತ್ತರಿಸಿಕೊಂಡು ಹೋದರೆ ಅಲ್ಲಿ ಭಾರ ಒಂದೇ ಕಡೆ ಬೀಳುತ್ತಿದೆ ಎಂದರ್ಥ. ಗೈಡ್ ಒಂದು ಸೆಂಟಿಮೀಟರ್ ಸರಿಸಿ ಮತ್ತೆ ನೋಡುತ್ತಾನೆ. ಈ ಪರೀಕ್ಷೆಯ ಫೋಟೋ ಕೇಳಿ. ಕಳಿಸಲು ಹಿಂದೇಟು ಹಾಕಿದರೆ ಚಾರ್ಟು ನೋಡಿ ಅಂಟಿಸಿದ್ದಾನೆಂದು ತಿಳಿಯಬಹುದು. ಅತಿಯಾದರೂ ಕಷ್ಟವೇ: ಪ್ರತಿ ಗೈಡೂ ಅದರ ಎಪಾಕ್ಸಿಯೂ ತುದಿಗೆ ತೂಕ ಸೇರಿಸುತ್ತವೆ, ರಾಡ್ ಮಂಕಾಗುತ್ತದೆ.

ಬ್ರೇಡ್ ಬಳಸುವವರಿಗೆ ಸಿಲಿಕಾನ್ ಕಾರ್ಬೈಡ್ ರಿಂಗ್ ನೆಮ್ಮದಿ. ಬರೀ ತಂಗೂಸಿ ಬಳಸುವವರಿಗೆ ಅಲ್ಯೂಮಿನಿಯಂ ಆಕ್ಸೈಡ್ ಸಾಕು. ಉಪ್ಪುನೀರಿಗೆ ಸಾದಾ ಸ್ಟೀಲ್ ಚೌಕಟ್ಟು ಬೇಡ. ತುಕ್ಕು ಮೊದಲು ಕಾಣುವುದು ರಿಂಗಿನಲ್ಲಲ್ಲ, ಎಪಾಕ್ಸಿಯೊಳಗೆ ಹುದುಗಿದ ಗೈಡಿನ ಕಾಲಿನಲ್ಲಿ, ಕಂದು ಗೆರೆಯಾಗಿ. ಟೈಟಾನಿಯಂ ಆಗದಿದ್ದರೆ 316 ಸ್ಟೇನ್‌ಲೆಸ್, ಮನೆಗೆ ಬಂದ ಮೇಲೆ ಸಿಹಿನೀರಲ್ಲಿ ತೊಳೆಯುವ ಅಭ್ಯಾಸ.

ಸ್ಪೈನ್ ನೋಡಿ ಕಟ್ಟಿದೀರಾ? ಇಲ್ಲಾಂದ್ರೆ ರಾಡ್ ತಿರುಚಿಕೊಳ್ಳುತ್ತಂತೆ.

ಬಟ್ಟೆಯ ಅಂಚು ಒಂದರ ಮೇಲೊಂದು ಬಂದ ಕಡೆ ಬ್ಲಾಂಕ್ ಸ್ವಲ್ಪ ಬಿರುಸಾಗಿರುತ್ತದೆ, ಅದೇ ಸ್ಪೈನ್. ಬಿಲ್ಡರ್‌ಗಳು ಜಗಳವಾಡಲು ಇದಕ್ಕಿಂತ ಒಳ್ಳೆಯ ವಿಷಯ ಇನ್ನೊಂದಿಲ್ಲ. ಆದರೆ ಮೀನು ಎಳೆದಾಗ ರಾಡ್ ತಿರುಚುವುದು ಗೈಡ್ ಮೇಲ್ಗಡೆ ಇರುವುದರಿಂದ. ದಾರ ಕೆಳಕ್ಕೆ ಬರಲು ಒದ್ದಾಡುತ್ತದೆ. ಗೈಡ್ ಕೆಳಗಿರುವ ಸ್ಪಿನ್ನಿಂಗ್ ರಾಡ್‌ನಲ್ಲಿ ಸ್ಪೈನ್ ಎಲ್ಲೇ ಇರಲಿ, ಆ ಕಾಟ ಇಲ್ಲ. ಹಾಗಾಗಿ ಬ್ಲಾಂಕ್ ಕಣ್ಣಿಗೆ ನೇರ ಕಾಣುವ ಬದಿ ನೋಡಿ ಕಟ್ಟುವವರೇ ಈಗ ಹೆಚ್ಚು, ನಾನೂ ಅದೇ ಪಕ್ಷ. ರೀಲೂ ಗೈಡೂ ಮೇಲ್ಗಡೆ ಇರುವ ಬೇಟ್‌ಕಾಸ್ಟಿಂಗ್ ರಾಡ್‌ನಲ್ಲಿ ತಿರುಚುವಿಕೆ ನಿಜಕ್ಕೂ ಬೇಡವೆಂದರೆ ಸ್ಪೈರಲ್ ಕಟ್ಟಿಸಿ: ರೀಲಿನ ಹತ್ತಿರದ ಗೈಡ್ ಮೇಲೆ, ನಂತರದ ಒಂದೆರಡು ಪಕ್ಕಕ್ಕೆ, ಉಳಿದವು ಕೆಳಗೆ. ನೋಡಲು ವಿಚಿತ್ರ. ದೋಣಿಯಿಂದ ದೊಡ್ಡ ಮೀನು ಎತ್ತುವವರಿಗೆ ಮಾತ್ರ ಬೆಲೆ ಗೊತ್ತಾಗುತ್ತದೆ.

ರಾಡ್ ಕೈಗೆ ಬಂದಾಗ ಏನೇನು ಚೆಕ್ ಮಾಡ್ಬೇಕು?

ಬುಡದಿಂದ ಬಂದೂಕಿಗೆ ಗುರಿ ಹಿಡಿದಂತೆ ನೋಡಿ. ಗೈಡ್‌ಗಳೆಲ್ಲ ಒಂದೇ ಸಾಲಿನಲ್ಲಿರಬೇಕು. ಕಿವಿಗೆ ಹಾಕುವ ಹತ್ತಿಕಡ್ಡಿಯನ್ನು ಪ್ರತಿ ರಿಂಗಿನೊಳಗೆ ಒಂದು ಸುತ್ತು ತಿರುಗಿಸಿ; ಎಲ್ಲಾದರೂ ಎಳೆ ಸಿಕ್ಕಿಕೊಂಡರೆ ಅಲ್ಲಿ ಬಿರುಕಿದೆ. ರೀಲ್ ಹಾಕಿ ಬಿಗಿದು ಸೀಟನ್ನು ತಿರುಚಿ ನೋಡಿ, ಕೂದಲೆಳೆಯಷ್ಟೂ ಅಲ್ಲಾಡಬಾರದು. ಸೀಟಿನೊಳಗಿನ ಸಂದು ತುಂಬಲು ಏನು ಹಾಕಿದ್ದೀರೆಂದು ಕೇಳಿ. ಬರೀ ಮಾಸ್ಕಿಂಗ್ ಟೇಪ್ ಸುತ್ತಿದ್ದರೆ ನೀರು ಕುಡಿದು ಒಂದು ದಿನ ಸಡಿಲವಾಗುತ್ತದೆ. ಜಾಯಿಂಟ್ ಕೂರಿಸಿ ಬೀಸಿದಾಗ ಟಕ್ ಎನ್ನಬಾರದು. ಒಳಗೆ ಕಡ್ಡಿ ಇರುವ ಸ್ಪಿಗಟ್ ಜಾಯಿಂಟ್ ಆದರೆ ಎರಡು ತುಂಡಿನ ನಡುವೆ ಅರ್ಧ, ಒಂದು ಸೆಂಟಿಮೀಟರ್ ಸಂದು ಕಾಣುತ್ತದೆ. ಅದು ತಪ್ಪಲ್ಲ, ಸವೆದಂತೆ ಕೂರಲೆಂದೇ ಬಿಡುವುದು. ಎಪಾಕ್ಸಿಯಲ್ಲಿ ಒಂದೆರಡು ಗುಳ್ಳೆಗೆ ಜಗಳ ಬೇಡ, ಗೈಡಿನ ಕಾಲಿನ ಹತ್ತಿರ ಅಂಟು ತಾಗದೆ ನೂಲು ಒಣಗಿ ಕಂಡರೆ ವಾಪಸ್ ಕೊಡಿ.

ಮುರಿದ್ರೆ ಗ್ಯಾರಂಟಿ ಉಂಟಾ?

ಬ್ಲಾಂಕ್ ಕಂಪನಿ ಗ್ಯಾರಂಟಿ ಕೊಟ್ಟರೂ ಅದು ಬ್ಲಾಂಕ್‌ಗೆ ಮಾತ್ರ. ಅದರ ಮೇಲಿದ್ದ ಗೈಡ್, ಹಿಡಿ, ಕೂಲಿ ಸೇರುವುದಿಲ್ಲ. ಬಿಲ್ಡರ್ ತನ್ನ ಕೆಲಸಕ್ಕೆ ಏನು ಕೊಡುತ್ತಾನೆಂದು ಬೇರೆಯಾಗಿ ಕೇಳಿ. ಇನ್ನು ಮುರಿಯುವುದು ಮೀನಿನಿಂದ ಕಮ್ಮಿ. ಕಾರಿನ ಬಾಗಿಲು, ಮನೆಯ ಸೀಲಿಂಗ್ ಫ್ಯಾನು, ಮತ್ತು ಮೀನು ಕಾಲ ಬುಡಕ್ಕೆ ಬಂದಾಗ ರಾಡನ್ನು ನೆಟ್ಟಗೆ ಮೇಲೆತ್ತುವುದು, ಹೆಚ್ಚಿನ ಕೇಸು ಇವೇ ಮೂರು. ನೆಟ್ಟಗೆ ಎತ್ತಿದಾಗ ಭಾರವೆಲ್ಲ ಬುಡ ಬಿಟ್ಟು ತುದಿಯ ಸಪೂರ ಭಾಗಕ್ಕೆ ಬೀಳುತ್ತದೆ.

ತುದಿಯಲ್ಲಿ ಎರಡಿಂಚು ಹೋದರೆ ಹೊಸ ತುದಿ ಗೈಡ್ ಹಾಕಿ ಬಳಸಬಹುದು, ರಾಡ್ ಕೊಂಚ ಬಿರುಸಾಗುತ್ತದೆ ಅಷ್ಟೆ. ಅದಕ್ಕೇ ತುದಿಯನ್ನು ಎಪಾಕ್ಸಿಯಲ್ಲಿ ಅಂಟಿಸಬಾರದು, ಬಿಸಿ ಮಾಡಿದರೆ ಕಳಚುವ ಹಾಟ್ ಮೆಲ್ಟ್ ಅಂಟೇ ಸರಿ; ಆರ್ಡರ್ ಕೊಡುವಾಗಲೇ ಹೇಳಿ. ನಡುವೆ ಮುರಿದರೆ ಒಳಗೆ ತುಂಡು ಕೂರಿಸಿ ಜೋಡಿಸಬಹುದು, ಆದರೆ ಅದು ಮೊದಲಿನ ಹಾಗೆ ಬಗ್ಗುವುದಿಲ್ಲ. ಹಿಡಿ, ಸೀಟು ಬಿಡಿಸಿ ಹೊಸ ಬ್ಲಾಂಕ್‌ಗೆ ಹಾಕಲು ಆಗುತ್ತದೋ ಎಂದು ಕೇಳುವುದು ಜಾಣತನ. ಮುರಿದ ಎರಡೂ ತುಂಡುಗಳನ್ನು ಎಸೆಯದೆ ತನ್ನಿ, ಸೀಳಿನ ಬಗೆ ನೋಡಿದರೆ ಎಳೆತಕ್ಕೆ ಮುರಿದದ್ದೋ ಮೊದಲೇ ಬಡಿದ ಗಾಯವಿತ್ತೋ ಬಹಳ ಸಲ ತಿಳಿಯುತ್ತದೆ.